ನಮ್ಮ ಕೆರೆಯ ಕೊಲ್ಲಿ

ಮೂರು ಕಡೆ ನೆಲ ಸುತ್ತಿಕೊಂಡ ನೀರಿಗೆ ಕೊಲ್ಲಿ ಎಂದು ಹೆಸರು. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಭೂಗೋಳ ಪಾಠ ಮಾಡಿದ ಧೈರ್ಯದ ಮೇಲೆ ಹೇಳುತ್ತೇನೆ: ನಾನು ಕೊಲ್ಲಿ ದಂಡೆಯಲ್ಲಿ ಬಾಳಿದವನು. ಸಮುದ್ರ ಹೋಗಲಿ, ಮಳೆ ನಿಂತ ಮೇಲೆ ಹರಿಯುವ ಹೊಳೆಯೊಂದೂ ಕಾಣದ ಕೋಲಾರದ ಕಡೆಯವನು ಹೀಗೆಂದರೆ, ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮಾತು ಬದಲಿಸುತ್ತಾರೆ.

ವಿಷಯ ಇಷ್ಟೆ. ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆ ಹೋಗುವಾಗ ಬಸ್ಸಿಳಿದು ಒಂದಿಷ್ಟು ನಡೆದರೆ ನಮ್ಮ ಕೆರೆ. ಅರ್ಧ ಊರು ಅದನ್ನು ದೊಡ್ಡಕೆರೆ ಎನ್ನುತ್ತದೆ, ಇನ್ನರ್ಧ ತೆಲುಗಿನಲ್ಲಿ ಪೆದ್ದಚೆರುವು ಎನ್ನುತ್ತದೆ. ಅದರ ಒಂದು ತೋಳು ಬಂಡೆಗುಡ್ಡವನ್ನು ಬಳಸಿಕೊಂಡು ನೆಲದೊಳಕ್ಕೆ ನುಗ್ಗಿದೆ. ಆ ತೋಳಿನ ಸುತ್ತ ನಮ್ಮ ಮನೆಗಳು.

ಇದಕ್ಕೊಂದು ಇತಿಹಾಸವೂ ಇರಬೇಕು. ಏರಿಯ ಪಕ್ಕ ಒಂದು ಶಾಸನದ ಕಲ್ಲಿತ್ತು. ಅದರ ಮೇಲೆ ತಲೆತಲಾಂತರದಿಂದ ಬಟ್ಟೆ ಒಗೆದು ಒಗೆದು ಅಕ್ಷರಗಳೆಲ್ಲ ಸವೆದಿದ್ದವು. ಒಮ್ಮೆ ಸೀಮೆಸುಣ್ಣ ಉಜ್ಜಿ ಓದಲು ಕೂತೆ. ಕೆರೆ ಕಟ್ಟಿಸಿದವನ ಹೆಸರಾಗಲಿ, ಅವನು ಕೊಟ್ಟ ದಾನವಾಗಲಿ ಸಿಗಲಿಲ್ಲ. ದಾನ ಎಷ್ಟು ಕಾಲ ನಡೆಯಬೇಕೆಂದು ತೋರಿಸಲು ಕೆತ್ತಿದ್ದ ಸೂರ್ಯ ಚಂದ್ರರು ಮಾತ್ರ ಉಳಿದಿದ್ದರು. ಅಷ್ಟರಲ್ಲಿ ಸೀರೆ ಒಗೆಯಲು ಬಂದವರು ‘ಏಳ್ತೀರಾ ಮೇಷ್ಟ್ರೇ’ ಎಂದರು. ಎದ್ದೆ. ನಮ್ಮೂರ ಇತಿಹಾಸ ಸಂಶೋಧನೆ ಅಲ್ಲಿಗೆ ಮುಗಿಯಿತು.

ಭೂಗೋಳ ಅಷ್ಟು ಸುಲಭದ್ದಲ್ಲ. ನಮ್ಮ ಮನೆಗಳು ಕೆರೆಯ ಒಳಮಗ್ಗುಲಿಗೆ, ಗದ್ದೆಗಳು ಏರಿಯ ಆಚೆ ತಗ್ಗಿಗೆ. ಕೆರೆ ತುಂಬಿದಾಗ ಹೆಚ್ಚಾದ ನೀರು ಕೋಡಿಯಲ್ಲಿ ಹರಿದುಹೋಗುತ್ತದೆ. ಹೋಗಬಾರದೆಂದು ಕೋಡಿಯ ಕಲ್ಲಿನ ಮೇಲೆ ಹುಲ್ಲಿನ ಬೇರು ಸಮೇತ ಕಡಿದ ಮಣ್ಣಿನ ಹೆಂಟೆಗಳನ್ನು ಸಾಲಾಗಿ ಇಡುವುದು ನಮ್ಮವರ ಹಳೆಯ ಪದ್ಧತಿ. ಹೆಂಟೆ ಇಟ್ಟಷ್ಟೂ ಗದ್ದೆಗೆ ನೀರು ಹೆಚ್ಚು ದಿನ ಸಿಗುತ್ತದೆ, ಇಟ್ಟಷ್ಟೂ ಕೊಲ್ಲಿಯ ನೀರು ಮನೆಗಳ ಕಡೆ ಏರುತ್ತದೆ. ಹಿರಿಯರು ಇದನ್ನು ತಿಳಿದೇ ಹೊಂಗೆಮರಗಳ ಸಾಲಿನಿಂದ ಮೇಲಕ್ಕೆ ಮನೆ ಕಟ್ಟಿದ್ದರು. ನಾನು ಸಾಲಿನಿಂದ ಕೆಳಗೆ ಕಟ್ಟಿದೆ.

ಮೂರ್ಖತನದಿಂದಲ್ಲ, ಮುಂದಾಲೋಚನೆಯಿಂದ. ಎಪ್ಪತ್ತರ ದಶಕದ ಆರಂಭವದು. ನೀರು ಅಲ್ಲಿಗೆ ಬಂದಿದ್ದನ್ನು ಕಂಡವರು ಕಡಿಮೆ. ನನಗೆ ಚಿಂತೆ ಮಾಡಲು ಬೇರೆ ಬೇಕಾದಷ್ಟಿತ್ತು. ಗೆದ್ದಲು ಹಿಡಿದರೆ? ಗುಡ್ಡದ ಬಂಡೆ ಉರುಳಿದರೆ? ಮನೆ ಬಂಡೆಯಿಂದ ದೂರವಿರಲಿ ಎಂದೇ ಅಷ್ಟು ಕೆಳಗೆ ಬಂದೆ. ಮಣ್ಣಿನ ಗೋಡೆ ಏರುವವರೆಗೂ ಗುಡ್ಡವನ್ನೇ ನೋಡುತ್ತಿದ್ದೆ. ಬೆನ್ನ ಹಿಂದೆ ಕೆರೆಯಿತ್ತು.

ಕೆಲವು ವರ್ಷಗಳ ಮೇಲೆ ಒಂದು ಹಿಂಗಾರಿಗೆ ಕೆರೆ ತುಂಬಿತು. ಅದೇ ವರ್ಷ ನನ್ನ ಹೆಂಡತಿ ರತ್ನ ತನ್ನ ತಂದೆ ಕೊಟ್ಟ ಗದ್ದೆಯಲ್ಲಿ ಮೊದಲ ಸಲ ನಾಟಿ ಮಾಡಿಸಿದ್ದಳು. ಅದು ಕಾಲುವೆಯ ತೀರಾ ಕೊನೆಯ ಗದ್ದೆ. ಎಲ್ಲರದೂ ತೊಯ್ದ ಮೇಲೆ ನೀರು ಮಿಕ್ಕಿದರೆ ಅವಳ ಪಾಲಿಗೆ ಬೆಳೆ, ಇಲ್ಲದಿದ್ದರೆ ಹುಲ್ಲು. ಒಂದು ಸಂಜೆ ಮೊಣಕೈವರೆಗೆ ಕೆಸರು ಮಾಡಿಕೊಂಡು ಬಂದಳು.

“ಕೋಡಿಗೆ ಹೆಂಟೆ ಇಟ್ಟು ಬಂದೆ,” ಅಂದಳು.

“ನೀರು ಮನೆಯೊಳಗೆ ಬರುತ್ತೆ ಕಣೇ.”

“ಮನೆ ಹೋದ್ರೆ ಅಪ್ಪನ ಮನೇಲಿ ಇರಬಹುದು. ಗದ್ದೆ ಒಣಗಿದ್ರೆ ಅಲ್ಲಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?”

ಮಾರನೆಯ ಬೆಳಿಗ್ಗೆ ವಾಯುಸೇವನೆಯ ನೆಪದಲ್ಲಿ ಕೋಡಿಗೆ ಹೋದೆ. ಒಂದೆರಡು ಹೆಂಟೆ ಕಿತ್ತರೆ ಗದ್ದೆಗೂ ಮೋಸವಿಲ್ಲ, ಮನೆಗೂ ಇಲ್ಲ ಎಂಬುದು ನನ್ನ ಲೆಕ್ಕ. ಅಲ್ಲಿ ಪಕ್ಕದ ಮನೆಯ ಪ್ಯಾರೇಜಾನ್ ಸಾಹೇಬರು ಆಗಲೇ ಬಗ್ಗಿದ್ದರು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಅವರ ಮನೆಯೂ ಹೊಂಗೆಸಾಲಿನ ಕೆಳಗೇ.

“ಏನ್ ಸಾಬ್ರೇ, ಇಷ್ಟು ಹೊತ್ತಿಗೆ?”

“ಸುಮ್ನೆ, ಗಾಳಿಗೆ ಬಂದೆ. ನೀವು?”

“ನಾನೂ ಗಾಳಿಗೇ.”

ಇಬ್ಬರೂ ಗಂಭೀರವಾಗಿ ತಲೆಯಾಡಿಸಿ ಒಂದೊಂದು ಹೆಂಟೆ ಎತ್ತಿದೆವು. ಆಗಲೇ ಏರಿಯ ಮೇಲೆ ಹೆಂಗಸರ ಗುಂಪು, ಮುಂದೆ ರತ್ನ.

“ರೀ, ಅದನ್ನ ತೆಗೀತಿದ್ದೀರೋ, ಇಡ್ತಿದ್ದೀರೋ?”

“ಇಡ್ತಿದ್ದೀವಿ,” ಎಂದೆ. ಸಾಹೇಬರೂ “ಹಾಂ, ಇಡ್ತಾ ಇದೀವಿ ಅಮ್ಮಾ,” ಎಂದರು.

“ಅಯ್ಯವಾರು ಕೂಡಾ ವಚ್ಚಿನಾರು,” ಎಂದಳೊಬ್ಬಳು. ಮೇಷ್ಟ್ರೇ ಬಂದ ಮೇಲೆ ಇನ್ನೇನು ಯೋಚನೆ ಎಂದು ಅವರು ಹೆಂಟೆ ಕಡಿದು ಕಡಿದು ಕೊಟ್ಟರು, ನಾವು ಇಟ್ಟೆವು. ಒಂದು ಇಡೀ ಸಾಲು ಹೆಚ್ಚಾಯಿತು. ತನ್ನ ಮನೆಯೊಳಕ್ಕೆ ತಾನೇ ಕೆರೆಯನ್ನು ಕರೆದ ಭೂಗೋಳದ ಮೇಷ್ಟರು ಬೇರೆ ಯಾವ ಜಿಲ್ಲೆಯಲ್ಲೂ ಇರಲಾರರು.

ನೀರು ಅವಸರ ಮಾಡಲಿಲ್ಲ. ಮೊದಲು ಜಗಲಿಯ ಬುಡ ಮುಟ್ಟಿತು, ಆಮೇಲೆ ನಡುಮನೆಗೆ ಬಂತು. ಪಾತ್ರೆ ಪೆಟ್ಟಿಗೆಗಳನ್ನು ಅಟ್ಟಕ್ಕೇರಿಸಿದೆವು. ಸಾಹೇಬರು ಹತ್ತಿಯನ್ನು ಬಂಡೆಯ ಮೇಲೆ ಸುರಿದು ತಾಡಪಾಲು ಹೊದಿಸಿದರು. ಅಡುಗೆಮನೆಯ ಗೋಡೆ ಒಂದು ಮಧ್ಯಾಹ್ನ ನೆನೆದ ರೊಟ್ಟಿಯಂತೆ ಕುಸಿದು ಕೂತಿತು. ರತ್ನ ಅದನ್ನು ನೋಡುತ್ತ ನಿಂತಳು, ಅತ್ತಳು, ಕಣ್ಣೊರೆಸಿಕೊಂಡು ಗದ್ದೆಗೆ ನೀರು ತಿರುಗಿಸಲು ಹೋದಳು. ಸುಗ್ಗಿಯಲ್ಲಿ ಆ ಕೊನೆಯ ಗದ್ದೆ ತಲೆಬಾಗಿ ನಿಂತಿತ್ತು. ಮಾವ ಬಂದು ತೆನೆ ಉಜ್ಜಿ ನೋಡಿ ಮಗಳ ತಲೆ ಸವರಿದರು. ಬಿದ್ದ ಗೋಡೆಯ ಬಗ್ಗೆ ಮಾತೇ ಎತ್ತಲಿಲ್ಲ. ನಾನು ಎರಡು ಸಲ ಅತ್ತ ಕೈ ತೋರಿಸಿದೆ.

ಹೊಸ ಮನೆಯನ್ನು ಹೊಂಗೆಸಾಲಿನ ಮೇಲೆ, ಬಂಡೆಯ ಮಗ್ಗುಲಲ್ಲೇ ಕಟ್ಟಿದೆವು. ಎಂಬತ್ತರ ದಶಕದಲ್ಲಿ ಮತ್ತೆ ಕೆರೆ ತುಂಬಿದಾಗ ನನ್ನ ಅಭಿಪ್ರಾಯವೂ ಮನೆಯಷ್ಟೇ ಎತ್ತರಕ್ಕೆ ಹೋಗಿತ್ತು. “ಇಡಿ, ಇನ್ನೊಂದು ಸಾಲು ಇಡಿ, ನೀರು ಪೋಲಾಗಬಾರದು,” ಎಂದು ಜಗಲಿಯಿಂದಲೇ ಅಪ್ಪಣೆ ಕೊಟ್ಟೆ.

ರತ್ನ ಹೆಂಟೆ ಕೆಳಗಿಟ್ಟಳು. “ಸಾಬ್ರ ಮನೆ ಇನ್ನೂ ಅಲ್ಲೇ ಇದೆ. ಮೊದಲು ಅವ್ರ ಹತ್ತಿ ಇಲ್ಲಿಗೆ ಬರಲಿ, ಆಮೇಲೆ ಹೆಂಟೆ.”

ಹತ್ತಿ ಬಂತು. ಹಿಂದೆಯೇ ಸಾಹೇಬರ ಸಂಸಾರವೂ ಬಂತು. ನಡುಮನೆ ಸೂರಿನವರೆಗೆ ತುಂಬಿತು. ಊಟದಲ್ಲಿ ಹತ್ತಿ, ಮೀಸೆಯಲ್ಲಿ ಹತ್ತಿ. ನನಗೆ ಸೀನಿಗಿಂತ ದೊಡ್ಡ ಚಿಂತೆ ಒಲೆಯದು. ಒಂದು ಕಿಡಿ ಹಾರಿದರೆ? ರತ್ನ ಮುದ್ದೆ ತೊಳಸುವಾಗಲೆಲ್ಲ ಬಿಂದಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಅವಳು ಕೊನೆಗೊಮ್ಮೆ ತಿರುಗಿ ನೋಡಿದಳು. “ಬೆಂಕಿಗೂ ಹೆದರ್ತೀರಾ? ಮನೆ ಮುಂದೆ ಅಷ್ಟು ದೊಡ್ಡ ಕೆರೆ ತುಂಬಿಸಿ ಇಟ್ಟಿದ್ದೀವಲ್ಲ, ಯಾತಕ್ಕೆ?”

ಬಿಂದಿಗೆ ಕೆಳಗಿಟ್ಟು ಊಟಕ್ಕೆ ಕೂತೆ.