ಎಡಕ್ಕೆ ತಳ್ಳುವ ಬೆರಳು

ಸುಮ್ಮನೆ ಕೂತಾಗಲೂ ಪಕ್ಕದ ಮನೆಯ ಅಜ್ಜಿಯ ಬಲಗೈ ತೋರುಬೆರಳು ಆಡುತ್ತಿತ್ತು. ಬರಿ ಮಡಿಲ ಮೇಲೆ ಏನನ್ನೋ ಎಡಕ್ಕೆ ತಳ್ಳುತ್ತಿತ್ತು. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೀಜ ಆರಿಸಿದವರು ಅವರು. ಕಪ್ಪಾದದ್ದು, ಒಡೆದದ್ದು ಎಡಕ್ಕೆ, ಒಳ್ಳೆಯದು ಇದ್ದಲ್ಲೇ. ಕೆಲಸ ಬಿಟ್ಟ ಮೇಲೂ ಬೆರಳು ಅಭ್ಯಾಸ ಬಿಟ್ಟಿರಲಿಲ್ಲ.

ಶಾಲೆಯಲ್ಲಿ ಚಿತ್ರ ಕಲಿಸುವ ಕೆಲಸ ಸಿಕ್ಕಿ ಈ ಊರಿಗೆ ಬಂದವಳು ನಾನು. ಅಜ್ಜಿಯ ಪಕ್ಕದ ಮನೆ ಬಾಡಿಗೆಗೆ ಸಿಕ್ಕಿತು. ನನಗೂ ಮಾತಾಡುವವರಿಲ್ಲ, ಅವರಿಗೂ ಇಲ್ಲ. ಭಾನುವಾರ ನಾನು ಚಿತ್ರ ಬರೆಯಲು ಬಣ್ಣದ ಮಾರ್ಕರ್ ಪೆನ್ನುಗಳನ್ನು ಹರಡಿಕೊಂಡರೆ ಅವರು ಬಂದು ಎದುರು ಕೂರುವರು. ಮುಚ್ಚಳದ ಬಣ್ಣ ನೋಡಿ ನಾನು ಜೋಡಿಸಿದ್ದ ಕಂದು ಬಣ್ಣಗಳನ್ನೆಲ್ಲ ಚೂರು ಕಾಗದದ ಮೇಲೆ ಗೀಚಿಸಿ, ತಿಳಿಯಿಂದ ಗಾಢಕ್ಕೆ ಮತ್ತೆ ಜೋಡಿಸಿದ್ದು ಅವರೇ. ಮುಚ್ಚಳದ ಮಾತು ನಂಬಬಾರದಂತೆ.

ಒಂದು ದಿನ ತೀರಿಹೋದ ಗಂಡನ ವೋಟರ್ ಕಾರ್ಡ್ ತಂದರು. ಅದರಲ್ಲಿದ್ದ ಉಗುರಗಲದ ಕಪ್ಪುಬಿಳುಪು ಮುಖ ಬಿಟ್ಟರೆ ಬೇರೆ ಫೋಟೋ ಇರಲಿಲ್ಲ.

"ಇವ್ರಿಗೆ ಬಣ್ಣ ಹಾಕಿ ಕೊಡ್ತೀಯಾ? ದಿನಾ ಇದನ್ನೇ ನೋಡಿ ನೋಡಿ ಅವ್ರ ಬಣ್ಣ ಮರೆತೋಗ್ತಿದೆ ಮಾರಾಯ್ತಿ."

ಆಗ ಮಳೆಗಾಲ. ಮೊದಲ ಸಲ ಆ ಮುಖ ದೊಡ್ಡದಾಗಿ ಬರೆದು ಬಣ್ಣ ಹಾಕಿದೆ. ಕಾಗದ ತಂಡಿ ಹಿಡಿದು ಶಾಯಿ ಕಿವಿ ದಾಟಿ ಹರಡಿತು. ಅಜ್ಜಿ ಎಡಕ್ಕೆ ತಳ್ಳಿದರು. ಮರುವಾರದಿಂದ ಕಾಗದವನ್ನು ಬಚ್ಚಲೊಲೆಯ ಹತ್ತಿರ ಬೆಚ್ಚಗೆ ಮಾಡಿ, ಸೆರಗಿನಲ್ಲಿ ಮುಚ್ಚಿಕೊಂಡು ತಂದರು. ಎರಡನೆಯ ಸಲ ಗಾಢ ಬಣ್ಣ ಮೊದಲು ಹಾಕಿ ಕೆನ್ನೆಯೆಲ್ಲ ಕೊಳೆಯಾಯಿತು. ಮೂರನೆಯ ಸಲ ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದು ಹಾಕಿದೆ.

"ಗೀಟು ಕಾಣ್ತದೆ. ಮನುಷ್ಯರ ಮುಖದಲ್ಲಿ ಬಣ್ಣ ಎಲ್ಲಿ ಬದಲಾಯ್ತು ಅಂತ ಗೊತ್ತಾಗ್ತದಾ?"

ನನಗೆ ಸಿಟ್ಟು ಬಂತು. ನಾನೇನು ಅವರನ್ನು ಕಂಡವಳಾ ಎಂದುಬಿಟ್ಟೆ. ಅಜ್ಜಿ ಎದ್ದು ಹೋದರು. ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಮುಂದಿನ ಭಾನುವಾರ ಬಂದು ಮೂರು ಕಾಫಿ ಬೀಜ ಮೇಜಿನ ಮೇಲಿಟ್ಟರು. ವಾರವಿಡೀ ಬಾಣಲೆಯಲ್ಲಿ ಹುರಿದು, ನೆನಪಿಗೆ ಒಪ್ಪುವ ಬಣ್ಣ ಬಂದ ಕ್ಷಣ ಒಂದೊಂದನ್ನೇ ಹೆಕ್ಕಿದ್ದರಂತೆ. ತಿಳಿಯದು ಹಣೆ, ನಡುವಿನದು ಕೆನ್ನೆ, ಗಾಢವಾದದ್ದು ಬಿಸಿಲಿಗೆ ಸುಟ್ಟ ಕತ್ತು.

ಈ ಸಲ ಬೀಜಗಳಿಗೆ ಒಪ್ಪುವ ಮಾರ್ಕರ್ ಆರಿಸಿ, ತಿಳಿ ಬಣ್ಣ ಮೊದಲು ಬಳಿದೆ. ಅದು ಒಣಗುವ ಮೊದಲೇ ಅಂಚಿಗೆ ಗಾಢವಾದದ್ದು ಹಚ್ಚಿ, ಎರಡೂ ಕೂಡುವಲ್ಲಿ ತಿಳಿ ಮಾರ್ಕರನ್ನೇ ಮತ್ತೆ ಆಡಿಸಿದೆ. ಮೂಗಿನ ತುದಿಗೆ ಬಣ್ಣ ಹಾಕದೆ ಕಾಗದದ ಬಿಳಿಯನ್ನೇ ಬಿಟ್ಟೆ. ಅಜ್ಜಿಯ ಬೆರಳು ಚಿತ್ರದ ಕೆನ್ನೆಯ ಹತ್ತಿರ ಬಂದು ನಿಂತಿತು.

"ಇವ್ರೇ," ಎಂದರು. ಆಮೇಲೆ ಸೆರಗು ಸರಿಮಾಡಿಕೊಂಡರು.

ಮುಂದಿನ ಮಳೆ ಹಿಡಿಯುವ ಮೊದಲೇ ಅಜ್ಜಿ ತೀರಿಕೊಂಡರು. ಚಿತ್ರವನ್ನು ಅವರ ಅಣ್ಣನ ಮಗ ತೆಗೆದುಕೊಂಡು ಹೋದ. ಮೂರು ಬೀಜ ನನ್ನ ಮಾರ್ಕರ್ ಡಬ್ಬಿಯಲ್ಲಿವೆ. ಈಗ ನಾನು ಯಾವ ಚಿತ್ರ ಬರೆದರೂ ನೋಡಿದವರು ಚೆನ್ನಾಗಿದೆ ಎನ್ನುತ್ತಾರೆ. ಭಾನುವಾರ ಚಿತ್ರ ಮುಗಿಸಿ ಎದುರಿನ ಖಾಲಿ ಕುರ್ಚಿಯ ಕಡೆ ತಿರುಗಿಸಿ ಇಡುತ್ತೇನೆ. ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ಎಲ್ಲೋ ಒಂದು ಗೀಟು ಕಂಡು, ನಾನೇ ಅದನ್ನು ಎಡಕ್ಕೆ ತಳ್ಳಿ, ಹೊಸ ಕಾಗದ ಬೆಚ್ಚಗೆ ಮಾಡಲು ಒಲೆಯ ಹತ್ತಿರ ಹೋಗುತ್ತೇನೆ.