ರಾಮಲಕ್ಷ್ಮಮ್ಮನ ಹತ್ತು ಬೆರಳು

ಬೈರಕೂರಿನಲ್ಲಿ ರಾಮಲಕ್ಷ್ಮಮ್ಮನನ್ನು ಈಗಲೂ ಕೆಲವರು ‘ದುಬೈಯಮ್ಮ’ ಎಂದೇ ಕರೆಯುತ್ತಾರೆ. ಅವಳು ದುಬೈ ನೋಡಿದವಳೇ ಅಲ್ಲ. ಅವಳಿದ್ದದ್ದು ಗಲ್ಫಿನ ಬೇರೊಂದು ದೇಶದಲ್ಲಿ. ಆದರೆ ಮುಳಬಾಗಿಲಿನ ಕಡೆ ಸಮುದ್ರ ದಾಟಿ ಮನೆಗೆಲಸಕ್ಕೆ ಹೋದವರೆಲ್ಲ ದುಬೈಗೆ ಹೋದವರೇ. ಮೊದಮೊದಲು ಅವಳು ತಿದ್ದುತ್ತಿದ್ದಳು, ಆಮೇಲೆ ಬಿಟ್ಟುಬಿಟ್ಟಳು.

ಗಂಡ ಸುಬ್ಬರಾಯಪ್ಪ ಮಾವಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದಾಗ ಅವಳು ಮೊದಲ ಸಲ ವಿಮಾನ ಹತ್ತಿದಳು. ಮಗಳು ಆಶಾರಾಣಿಗೆ ಆಗ ಆರು ವರ್ಷ. ಮಗುವನ್ನೂ ಮಲಗಿದ್ದ ಭಾವನನ್ನೂ ನೋಡಿಕೊಂಡವಳು ತಂಗಿ ಆದಿಲಕ್ಷ್ಮಿ. ಆದಿಲಕ್ಷ್ಮಿಗೆ ಒಂದು ಕಾಲು ಸ್ವಲ್ಪ ಎಳೆತ. ಬಂದ ಗಂಡುಗಳೆಲ್ಲ ಅವಳ ನಡಿಗೆ ನೋಡಿ ಎದ್ದುಹೋದ ಮೇಲೆ ಅವಳು ಅಕ್ಕನ ಮನೆಯನ್ನೇ ತನ್ನ ಮನೆ ಮಾಡಿಕೊಂಡಿದ್ದಳು. ಆಶಾಳಿಗೆ ಜಡೆ ಹೆಣೆದದ್ದು, ಅಕ್ಷರ ತಿದ್ದಿಸಿದ್ದು, ಜ್ವರ ಬಂದಾಗ ಎತ್ತಿಕೊಂಡು ಆಸ್ಪತ್ರೆಗೆ ಹೋದದ್ದು ಎಲ್ಲ ಅವಳೇ.

ಮೂರು ವರ್ಷಕ್ಕೆ ಸುಬ್ಬರಾಯಪ್ಪ ತೀರಿಕೊಂಡ. ರಾಮಲಕ್ಷ್ಮಮ್ಮ ತಿಥಿಗೆಂದು ಬಂದವಳು ಮತ್ತೆ ಹೊರಡುವ ಹೊತ್ತಿಗೆ ಮಗಳು ಸೆರಗು ಬಿಡಲಿಲ್ಲ. ಆಗ ಆದಿಲಕ್ಷ್ಮಿ ಹೇಳಿದಳು: “ನೀನು ಮಗೂ ಹತ್ರ ಇರಕ್ಕ. ಆ ಮನೆಯೋರು ಒಳ್ಳೆಯೋರು ಅಂತೀಯಲ್ಲ, ನಿನ್ನ ಬದ್ಲು ನಾನು ಹೋಗ್ತೀನಿ.” ಹಾಗೆ ತಂಗಿ ಹೋದಳು. ಆ ಮನೆಯವರು ನಿಜವಾಗಿಯೂ ಒಳ್ಳೆಯವರು. ಕುಂಟುವ ಕಾಲು ನೋಡಿ ಮಹಡಿ ಕೆಲಸ ಬಿಡಿಸಿ ಅಡುಗೆಮನೆಗೆ ಹಾಕಿಕೊಂಡರು.

ಎರಡು ವರ್ಷ ಕಳೆದು, ಆಶಾ ಹಾಸ್ಟೆಲ್ ಸೇರಿದ ಮೇಲೆ, ರಾಮಲಕ್ಷ್ಮಮ್ಮ ಮತ್ತೆ ಅದೇ ದೇಶಕ್ಕೆ ಹೋದಳು. ಈ ಸಲ ಸಿಕ್ಕಿದ್ದು ಬೇರೆ ಮನೆ. ಅಲ್ಲಿನ ಯಜಮಾನಿ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು, ಬೆನ್ನು ನೆಲಕ್ಕೆ ಹಾಕುವ ಹೊತ್ತು ಯಾವುದೆಂದು ಹೇಳುವಂತಿಲ್ಲ. ಹದಿನಾಲ್ಕನೇ ತಿಂಗಳಲ್ಲಿ ಒಂದು ದಿನ ಸಾರು ಉಪ್ಪಾಯಿತೆಂದು ಆಕೆ ಸೌಟಿನಿಂದ ಬಾಯಿಗೆ ಹೊಡೆದಳು. ತುಟಿ ಸೀಳಿತು. ಕಸ ಹಾಕಲು ಹೊರಗೆ ಹೋದ ರಾಮಲಕ್ಷ್ಮಮ್ಮ ಕಸದ ಚೀಲವನ್ನು ಗೋಡೆಗೆ ಒರಗಿಸಿ ನಡೆಯುತ್ತ ಹೋದಳು, ಹಿಂತಿರುಗಿ ನೋಡಲಿಲ್ಲ.

ಪೊಲೀಸರ ಕೈಗೆ ಸಿಗುವ ಮೊದಲೇ ಯಜಮಾನಿ ದೂರು ಕೊಟ್ಟಾಗಿತ್ತು. ‘ಓಡಿಹೋದ ಕೆಲಸದವಳು.’ ಯಾಕೆ ಓಡಿದೆ ಎಂದು ಯಾರೂ ಕೇಳಲಿಲ್ಲ. ಮೂರನೇ ದಿನ ಊರಿಗೆ ಕಳಿಸುವಾಗ ಒಂದು ಗಾಜಿನ ಪೆಟ್ಟಿಗೆಯ ಮೇಲೆ ಹತ್ತು ಬೆರಳನ್ನೂ ಒತ್ತಿಸಿಕೊಂಡರು, ಕಣ್ಣಿಗೆ ಕ್ಯಾಮೆರಾ ಹಿಡಿದರು, ಫೋಟೊ ತೆಗೆದರು. ಅವಳಿಗೆ ಅದು ಬಿಡುಗಡೆಯ ಕಾಗದದಂತೆ ಕಂಡಿತು. ಊರಿಗೆ ಬಂದ ಮೇಲೆಯೇ ತಿಳಿದದ್ದು, ಬದುಕಿರುವತನಕ ಆ ದೇಶದ ಬಾಗಿಲು ತನಗೆ ಮುಚ್ಚಿದೆ ಎಂದು. ಆಗ ಅವಳು ನಕ್ಕಳು. “ಮುಚ್ಕೊಳ್ಳಲಿ ಬಿಡು. ಯಾರು ಹೋಗ್ತಾರೆ ಆ ನರಕಕ್ಕೆ?”

ಆಮೇಲೆ ಹನ್ನೊಂದು ವರ್ಷ ಟೊಮೆಟೊ ಬಿಡಿಸಿದಳು, ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವು ವಿಂಗಡಿಸಿದಳು, ಮಗಳನ್ನು ಡಿಪ್ಲೊಮಾ ಓದಿಸಿದಳು. ಆಶಾರಾಣಿ ಮಾಲೂರಿನ ಒಂದು ಕಾರ್ಖಾನೆಗೆ ಸೇರಿ ಅಲ್ಲೇ ರೂಮು ಮಾಡಿಕೊಂಡಳು. ಪ್ರತಿ ಶುಕ್ರವಾರ ಆದಿಲಕ್ಷ್ಮಿಯ ವಿಡಿಯೊ ಕಾಲ್ ಬರುತ್ತಿತ್ತು. ಮೂರು ವರ್ಷಕ್ಕೊಮ್ಮೆ ಅವಳೇ ಬಂದುಹೋಗುತ್ತಿದ್ದಳು.

ಕಳೆದ ವರ್ಷ ಯುಗಾದಿ ಕಳೆದ ಮೂರನೇ ಶುಕ್ರವಾರ ಫೋನಿನಲ್ಲಿ ಕಂಡದ್ದು ತಂಗಿಯ ಮುಖವಲ್ಲ, ಅವಳು ಕೆಲಸಕ್ಕಿದ್ದ ಮನೆಯ ಮೇಡಂ ಮುಖ. ಆಕೆ ಅಳುತ್ತಿದ್ದಳು. ಆದಿಲಕ್ಷ್ಮಿ ಅಡುಗೆಮನೆಯಲ್ಲಿ ಬಿದ್ದಿದ್ದಳು. ತಲೆಯೊಳಗೆ ನರ ಒಡೆದು ಬಲಭಾಗ ಪೂರ್ತಿ ಹೋಗಿತ್ತು. ವಾರದ ಮೇಲೆ ಆಸ್ಪತ್ರೆಯ ನರ್ಸೊಬ್ಬಳು ಫೋನು ಹಿಡಿದು ತೋರಿಸಿದಾಗ ಆದಿಲಕ್ಷ್ಮಿಯ ಬಾಯಿ ಒಂದು ಕಡೆಗೆ ಎಳೆದಿತ್ತು. ಮನೆಯಲ್ಲಿ ಅಕ್ಕತಂಗಿಯರ ಮಾತು ತೆಲುಗು. ಅದರಲ್ಲೂ ಅವಳಿಗೆ ಉಳಿದಿದ್ದದ್ದು ಒಂದೇ ಮಾತು.

“ಅಕ್ಕಾ, ಎಪ್ಪುಡು ವಸ್ತಾವು?”

ಯಾವಾಗ ಬರ್ತೀಯಾ. ರಾಮಲಕ್ಷ್ಮಮ್ಮ “ವಸ್ತಾನಮ್ಮ, ವಸ್ತಾನು” ಎಂದಳು. ಬರ್ತೀನಿ ಎಂದುಬಿಟ್ಟಳು.

ಡಾಕ್ಟರು ಹೇಳಿದ್ದು ಇಷ್ಟು: ಇನ್ನೆರಡು ಮೂರು ತಿಂಗಳು ಕಳೆದರೆ ರೋಗಿಯನ್ನು ವಿಮಾನದಲ್ಲಿ ಮಲಗಿಸಿಕೊಂಡು ಹೋಗಬಹುದು, ಆದರೆ ಜೊತೆಗೆ ಮನೆಯವರು ಒಬ್ಬರು ಇರಲೇಬೇಕು. ಮೇಡಂ ವೀಸಾಕ್ಕೆ ಅರ್ಜಿ ಹಾಕಲು ಮುಂದಾದಳು. ಆ ವೀಸಾ ತಂದೆತಾಯಿಗೆ, ಒಡಹುಟ್ಟಿದವರಿಗೆ ಮಾತ್ರ. ಅಕ್ಕನ ಮಗಳಿಗೆ ಇಲ್ಲ. ಅಪ್ಪ ಅಮ್ಮ ಎಂದೋ ಹೋಗಿದ್ದರು. ಉಳಿದವಳು ರಾಮಲಕ್ಷ್ಮಮ್ಮ ಒಬ್ಬಳೇ.

ಹೊಸ ಪಾಸ್‌ಪೋರ್ಟು ಕೋಲಾರದಲ್ಲಿ ಸಲೀಸಾಗಿ ಆಯಿತು. ಕೌಂಟರಿನ ಹುಡುಗಿ, “ಇದ್ರೊಳಗೆ ಚಿಪ್ ಇರುತ್ತಮ್ಮ, ನಿಮ್ಮ ವಿವರ ಎಲ್ಲ ಅದ್ರಲ್ಲೇ ಇರುತ್ತೆ. ಮಡಚಬೇಡಿ, ನೀರಿಗೆ ಹಾಕಬೇಡಿ” ಎಂದಳು. ವೀಸಾವೂ ಬಂತು. ಅದನ್ನು ಹಿಡಿದು ಅವಳು ಮುಳಬಾಗಿಲಿನ ಏಜೆಂಟ್ ಕದಿರೇಶನ ಹತ್ತಿರ ಹೋದಳು. ಅವನು ಕಾಗದ ತಿರುವಿ ನೋಡಿ ಮೇಜಿನ ಮೇಲಿಟ್ಟ.

“ಅಕ್ಕ, ಕಾಗದಕ್ಕೆ ನೀನು ಹೊಸಬಳು. ಅದಕ್ಕೇ ವೀಸಾ ಬಂದಿದೆ. ಬೆರಳಿಗೆ ಹಳಬಳು. ಅಲ್ಲಿ ಇಳಿದು ಕೈ ಇಟ್ಟ ತಕ್ಷಣ ಎಲ್ಲ ಎದ್ದು ಬರ್ತದೆ.”

“ಹನ್ನೊಂದು ವರ್ಷ ಆಯ್ತಲ್ಲೋ. ಇನ್ನೂ ಇಟ್ಕೊಂಡಿರ್ತಾರಾ?”

“ನೀನು ಸತ್ರೂ ಇಟ್ಕೊಂಡಿರ್ತಾರೆ.”

ಆಮೇಲೆ ಅವನು ದನಿ ತಗ್ಗಿಸಿ ಇನ್ನೊಂದು ದಾರಿ ಹೇಳಿದ. ಗಡಿಯಾಚೆ ಆಂಧ್ರದಲ್ಲಿ ಒಬ್ಬನಿದ್ದಾನೆ. ಬೆರಳ ತುದಿಯ ಚರ್ಮವನ್ನು ಕುಯ್ದು ಗೆರೆಗಳನ್ನು ಬೇರೆ ಮಾಡುತ್ತಾನೆ. ಹಾಗೆ ಮಾಡಿಸಿಕೊಂಡು ಹೋದವರು ಇದ್ದಾರೆ.

ವಿಷಯ ತಿಳಿದ ದಿನವೇ ಆಶಾರಾಣಿ ರಜೆ ಹಾಕಿ ಮಾಲೂರಿನಿಂದ ಬಂದಳು.

“ಅಮ್ಮ, ಇದು ತಪ್ಪು. ಸಿಕ್ಕಿಹಾಕ್ಕೊಂಡ್ರೆ ಜೈಲು. ಎಂಬೆಸಿಗೆ ಬರಿಯೋಣ, ಎಂಎಲ್ಎ ಹತ್ರ ಲೆಟರ್ ತರೋಣ.”

“ಬರಿಯೇ, ಬೇಡ ಅಂದೋರ್ಯಾರು? ಅವ್ರು ಓದಿ ಉತ್ತರ ಕೊಡೋ ಹೊತ್ಗೆ ಅವಳು ಉಳಿದಿರ್ತಾಳಾ?”

“ಗಡಿಯಲ್ಲಿ ಚೆಕ್ ಮಾಡೋದು ಸುಮ್ಮನೆ ಅಲ್ಲಮ್ಮ. ಹೆಸರು ಬದಲಾಯಿಸ್ಕೊಂಡು ಕಳ್ಳರೂ ಕೊಲೆಗಾರರೂ ಬರ್ತಾರೆ.”

“ಬರ್ತಾರೆ ಕಣೇ, ಹಿಡೀಲಿ. ನಾನು ಯಾರ ಮನೇಲಿ ಏನು ಕದ್ದೆ? ನನ್ನ ಬೆರಳು ಅವ್ರ ಹತ್ರ ಇದೆ. ನಾನು ಯಾಕೆ ಓಡಿಹೋದೆ ಅನ್ನೋದು ಅವ್ರ ಹತ್ರ ಇದೆಯಾ?”

ತನ್ನನ್ನು ಎತ್ತಿ ಬೆಳೆಸಿದ ಚಿಕ್ಕಮ್ಮ ಆಶಾರಾಣಿಗೂ ತಾಯಿಯೇ. ಪತ್ರಗಳನ್ನು ಬರೆದಳು. ಒಂದಕ್ಕೆ ‘ನಿಮ್ಮ ಮನವಿ ಸ್ವೀಕರಿಸಲಾಗಿದೆ’ ಎಂಬ ಸಾಲು ಬಂತು. ಉಳಿದವಕ್ಕೆ ಅದೂ ಬರಲಿಲ್ಲ.

ಆಷಾಢದಲ್ಲಿ ರಾಮಲಕ್ಷ್ಮಮ್ಮ ಮಗಳಿಗೆ ಹೇಳದೆ ಬಸ್ಸು ಹತ್ತಿದಳು. ಕದಿರೇಶ ಹೇಳಿದ್ದ ಜಾಗ ಆಸ್ಪತ್ರೆಯಲ್ಲ, ಹಿಂಬದಿಯಲ್ಲಿ ಎಮ್ಮೆ ಕಟ್ಟಿದ್ದ ಒಂದು ಮನೆ. ಕುಯ್ದವನು ಯಾವುದೋ ಕಾಲದಲ್ಲಿ ಆಪರೇಷನ್ ಕೋಣೆಯಲ್ಲಿ ಸಹಾಯಕನಾಗಿದ್ದವನು. ಮರಗಟ್ಟಿಸುವ ಸೂಜಿ ಹಾಕಿದರೂ ಏಳನೇ ಬೆರಳಿಗೆ ಬರುವ ಹೊತ್ತಿಗೆ ಅದರ ಜೋರು ಇಳಿದಿತ್ತು. ಅವಳು ಸೆರಗು ಕಚ್ಚಿಕೊಂಡು ಕೂತಿದ್ದಳು.

ನಲವತ್ತು ದಿನ ಅವಳು ತಾನಾಗಿ ಒಂದು ತುತ್ತು ಮುದ್ದೆ ಮುರಿಯಲಾಗಲಿಲ್ಲ. ಪಕ್ಕದ ಮನೆಯ ಮುನಿಶಾಮಮ್ಮ ಬಂದು ತಿನ್ನಿಸುತ್ತಿದ್ದಳು, ಸೀರೆ ಉಡಿಸುತ್ತಿದ್ದಳು. ಸುಟ್ಟುಕೊಂಡೆ ಎಂದು ಊರಿಗೆಲ್ಲ ಹೇಳಿದ್ದಾಯಿತು. ಮಗಳು ಬಂದು ಬ್ಯಾಂಡೇಜು ನೋಡಿದಳು. ಆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸಂಜೆಯತನಕ ಕೂತಿದ್ದು ಮಾಲೂರಿಗೆ ಹೊರಟುಹೋದಳು.

ಗಾಯ ಮಾಗಿದ ಮೇಲೆ ರಾಮಲಕ್ಷ್ಮಮ್ಮ ಹೊರಟಳು. ಚೀಲದಲ್ಲಿ ತಂಗಿಗೆಂದು ಎರಡು ನೈಟಿ, ಹುರಿಹಿಟ್ಟು. ಅಲ್ಲಿ ಇಳಿದು ಸರದಿಯಲ್ಲಿ ನಿಂತು ಗಾಜಿನ ಮೇಲೆ ಕೈ ಇಟ್ಟಳು. ಯಂತ್ರ ಏನೂ ಹೇಳಲಿಲ್ಲ. ಅಧಿಕಾರಿ ಮತ್ತೊಮ್ಮೆ ಇಡಲು ಸನ್ನೆ ಮಾಡಿದ. ಆಗಲೂ ಇಲ್ಲ. ಅವನು ಅವಳ ಕೈ ತಿರುಗಿಸಿ, ಬೆರಳ ತುದಿಗಳ ಗುಲಾಬಿ ಬಣ್ಣದ ಹೊಸ ಚರ್ಮ ನೋಡಿದ. ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಅಲ್ಲಿ ಕಣ್ಣಿಗೆ ಕ್ಯಾಮೆರಾ ಹಿಡಿದರು.

ಕಣ್ಣನ್ನು ಅವಳು ಮರೆತೇಬಿಟ್ಟಿದ್ದಳು. ಕದಿರೇಶನೂ ಮರೆತಿದ್ದನೋ, ಗೊತ್ತಿದ್ದೂ ಹೇಳಲಿಲ್ಲವೋ.

ಪರದೆಯ ಮೇಲೆ ಹನ್ನೊಂದು ವರ್ಷದ ಹಿಂದಿನ ಅವಳ ಮುಖ ಬಂತು. ಕಪ್ಪು ಕೂದಲು, ಊದಿದ ತುಟಿ, ತುಟಿಯ ಮೇಲೆ ಒಣಗಿದ ರಕ್ತ. ಅನುವಾದಕ್ಕೆ ಬಂದ ತೆಲುಗಿನ ಹೆಂಗಸಿನ ತೋಳು ಹಿಡಿದು ರಾಮಲಕ್ಷ್ಮಮ್ಮ ಆ ಫೋಟೊ ಕಡೆ ಕೈ ಮಾಡಿದಳು.

“ಆ ತುಟಿ ನೋಡು ತಾಯಿ. ನೀವೇ ತೆಗೆದ ಫೋಟೊ. ಯಾಕೆ ಊದಿದೆ ಅಂತ ಒಂದು ಸಲ ಕೇಳಿ ಅಂತ ಹೇಳು ಅವ್ರಿಗೆ.”

ಅಧಿಕಾರಿ ಕೇಳಿಸಿಕೊಂಡ. ಒರಟನಲ್ಲ, ನೀರು ತರಿಸಿಕೊಟ್ಟ. ಆದರೆ ಅವನು ಹೇಳಿದ್ದು ಬೇರೆ. ಹಿಂದಿನ ತಿಂಗಳು ಇದೇ ಕೋಣೆಯಲ್ಲಿ, ನಾಲ್ಕು ಹೆಸರಲ್ಲಿ ಹೆಣ್ಣುಮಕ್ಕಳನ್ನು ಸಾಗಿಸುತ್ತಿದ್ದ ಒಬ್ಬನನ್ನು ಇದೇ ಕ್ಯಾಮೆರಾ ಹಿಡಿದುಕೊಟ್ಟಿತ್ತು. ಅವನೂ ಬೆರಳು ಕುಯ್ಯಿಸಿಕೊಂಡು ಬಂದಿದ್ದ. ನಿನ್ನನ್ನು ಬಿಟ್ಟರೆ ಅಂಥವರನ್ನು ಯಾವ ಬಾಯಲ್ಲಿ ತಡೆಯಲಿ? ತುಟಿಯ ಕತೆ ನಿಜವೇ ಇರಬಹುದು, ಅದನ್ನು ಬರೆಯಲು ಇಲ್ಲಿ ಜಾಗವಿಲ್ಲ.

ರಾಮಲಕ್ಷ್ಮಮ್ಮ ನೆಲದ ಮೇಲೆ ಕೂತು ಕೈಮುಗಿದಳು. ಆಸ್ಪತ್ರೆ ಅಲ್ಲಿಂದ ಅರ್ಧ ಗಂಟೆಯ ದಾರಿ ಎಂದು ಮೇಡಂ ಹೇಳಿದ್ದಳು. ಪೊಲೀಸರ ಜೊತೆಯಲ್ಲೇ ಹೋಗಿ ಮುಖ ನೋಡಿ ಬರುತ್ತೇನೆ, ಬೇಕಾದರೆ ಬೇಡಿ ಹಾಕಿ ಎಂದಳು. ಅದೂ ಆಗಲಿಲ್ಲ. ಹೊರಗೆ ಮೇಡಂ ಮಗ ಮಧ್ಯಾಹ್ನದವರೆಗೂ ಕಾದಿದ್ದನಂತೆ. ಬಂದ ವಿಮಾನ ಕಂಪನಿಯ ಮರುದಿನದ ವಿಮಾನದಲ್ಲೇ ಅವಳನ್ನು ಹಿಂದಕ್ಕೆ ಕಳಿಸಿದರು. ಬೆಂಗಳೂರಿನಲ್ಲಿ ಪೊಲೀಸರು ಎರಡು ದಿನ ವಿಚಾರಿಸಿ, ಕೇಸು ಬರೆದು, ಕರೆದಾಗ ಬರಬೇಕೆಂದು ಬಿಟ್ಟರು. ಪಾಸ್‌ಪೋರ್ಟು ಅವರೇ ಇಟ್ಟುಕೊಂಡರು. ಮುಳಬಾಗಿಲಿನಲ್ಲಿ ಕದಿರೇಶನ ಅಂಗಡಿಗೆ ಬೀಗ ಬಿದ್ದಿತ್ತು.

ಅಕ್ಕ ಊರಿಗೆ ವಾಪಸಾದ ಹದಿನಾರನೇ ದಿನ ಆದಿಲಕ್ಷ್ಮಿ ತೀರಿಹೋದಳು. ಕೊನೆಯವರೆಗೂ ಬಾಗಿಲ ಕಡೆ ಮುಖ ಮಾಡಿಯೇ ಮಲಗುತ್ತಿದ್ದಳೆಂದು ನರ್ಸು ಹೇಳಿದಳು. ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು.

ದೇಹ ಕಳಿಸಲು ವಾರಸುದಾರರ ಒಪ್ಪಿಗೆ ಬೇಕು. ರಾಮಲಕ್ಷ್ಮಮ್ಮನಿಗೆ ಓದುಬರಹ ಬಾರದು, ಹೆಬ್ಬೆಟ್ಟೇ ಅವಳ ರುಜು. ಕೋಲಾರದಲ್ಲಿ ಕಾಗದ ಮಾಡಿಸಲು ಹೋದಾಗ ಆಧಾರಿನ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪಲಿಲ್ಲ. ಒರೆಸಿ ಇಟ್ಟಳು, ಎಣ್ಣೆ ಸವರಿ ಇಟ್ಟಳು, ಒಂದೊಂದಾಗಿ ಹತ್ತನ್ನೂ ಇಟ್ಟಳು. ಗುಮಾಸ್ತ ಬೇಸರದಿಂದ, “ನೀವು ರಾಮಲಕ್ಷ್ಮಮ್ಮನೇ ಅನ್ನೋದಕ್ಕೆ ಬೇರೇನಾದ್ರೂ ಇದೆಯಾ?” ಎಂದು ಕೇಳಿದ. ಅವಳು ಮಗಳ ಮುಖ ನೋಡಿದಳು.

ಕೊನೆಗೆ ಅಕ್ಕನ ಮಗಳೆಂದು ಆಶಾರಾಣಿಯೇ ಸಹಿ ಹಾಕಬೇಕಾಯಿತು. ಅದಕ್ಕೆ ಪಂಚಾಯಿತಿಯ ಪತ್ರ, ತಾಲ್ಲೂಕು ಕಚೇರಿಯ ಪತ್ರ, ವಂಶವೃಕ್ಷ, ಅಲ್ಲಿಗೊಂದು ಇಲ್ಲಿಗೊಂದು ಪ್ರತಿ. ಮೂವತ್ತೊಂದು ದಿನದ ಮೇಲೆ ಪೆಟ್ಟಿಗೆ ಬೈರಕೂರಿಗೆ ಬಂತು. ಜೊತೆಗೆ ಬಂದವರು ತೆರೆಯಬೇಡಿ ಎಂದರು. ಹಾಗೆಯೇ ಮಣ್ಣು ಮಾಡಿದರು. ಒಳಗಿರುವವಳು ಆದಿಲಕ್ಷ್ಮಿ ಎಂಬುದಕ್ಕೆ ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿಯೊಂದೇ ಸಾಕ್ಷಿ. ಆ ಚೀಟಿಯನ್ನು ಓದಲೂ ಅವಳ ಅಕ್ಕನಿಗೆ ಬರುತ್ತಿರಲಿಲ್ಲ.

ಆಮೇಲೆ ನ್ಯಾಯಬೆಲೆ ಅಂಗಡಿಯಲ್ಲೂ ಅದೇ ಆಯಿತು. ಮೂರು ತಿಂಗಳು ರಾಗಿ, ಅಕ್ಕಿ ಬರಲಿಲ್ಲ. ಅಂಗಡಿಯವನು ಅವಳನ್ನು ತನ್ನ ಚಿಕ್ಕಂದಿನಿಂದ ಬಲ್ಲವನೇ. “ನಾನು ಏನ್ ಮಾಡ್ಲಿ ಅಕ್ಕ, ನನಗೆ ನೀನು ಗೊತ್ತು, ಮಿಷನ್‌ಗೆ ಗೊತ್ತಿಲ್ಲ” ಎಂದ. ಆಶಾರಾಣಿ ತಾಯಿಯನ್ನು ಮುಳಬಾಗಿಲಿನ ಆಧಾರ್ ಕೇಂದ್ರಕ್ಕೆ ಕರೆದೊಯ್ದಳು. ಬೆರಳು ಆಗುವುದಿಲ್ಲ, ಕಣ್ಣು ಕೊಡಿ ಎಂದರು.

ಕ್ಯಾಮೆರಾ ಮುಖದ ಹತ್ತಿರ ಬರುತ್ತಲೇ ರಾಮಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡಳು.

“ಕಣ್ಣು ಬಿಡಿ ಅಮ್ಮ” ಎಂದಳು ಯಂತ್ರದ ಮುಂದಿದ್ದ ಹುಡುಗಿ.

ಅವಳು ಬಿಡಲಿಲ್ಲ. ಹಿಂದೆ ಸಾಲು ಗೊಣಗತೊಡಗಿತು. ಆಶಾರಾಣಿ ಅವಳ ಭುಜ ಹಿಡಿದು, “ಇದು ನಮ್ಮೂರಮ್ಮ, ಇಲ್ಲಿ ಯಾರೂ ನಿನ್ನ ಕಳಿಸಿಬಿಡಲ್ಲ” ಎಂದಳು.

“ಅಲ್ಲೂ ಏನೂ ಆಗಲ್ಲ ಅಂದ್ಕೊಂಡೇ ಕೊಟ್ಟಿದ್ದು ಕಣೇ.”

ಮತ್ತೆ ಎರಡು ಸಲ ಹೇಳಿಸಿಕೊಂಡ ಮೇಲೆ ಅವಳು ಕಣ್ಣು ಬಿಟ್ಟಳು. ನೀರು ತುಂಬಿದ್ದರಿಂದ ಯಂತ್ರಕ್ಕೆ ಸಿಗಲಿಲ್ಲ. ಒರೆಸಿಕೊಂಡು ಪಕ್ಕದ ಬೆಂಚಿನಲ್ಲಿ ಕೂತಿರಿ, ಮತ್ತೆ ಕರೆಯುತ್ತೇನೆ ಎಂದು ಹುಡುಗಿ ಮುಂದಿನವರನ್ನು ಕರೆದಳು. ರಾಮಲಕ್ಷ್ಮಮ್ಮ ಬೆಂಚಿಗೆ ಹೋಗಿ ಕೂತಳು. ಮಧ್ಯಾಹ್ನ ಊಟದ ಹೊತ್ತಿಗೆ ಕೇಂದ್ರದ ಬಾಗಿಲು ಎಳೆದಾಗಲೂ ಅವಳ ಸರದಿ ಬಂದಿರಲಿಲ್ಲ.