ಚಾರ್ಜರ್ ತೆಗೆದು ನೋಡಿದ ದಿನ

ಆಸ್ಪತ್ರೆಯ ಜನರೇಟರನ್ನು ಹನ್ನೆರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಬ್ಯಾಟರಿಯಣ್ಣನಿಗೆ ಅಂದು ಬೆಳಿಗ್ಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹತ್ತು ಗಂಟೆಗೆ ಅಲ್ಲೇ ಅವನ ಅಕ್ಕನಿಗೆ ಹೃದಯದ ಆಪರೇಷನ್. ತಾಯಿ ಸತ್ತ ಮೇಲೆ ಅವನನ್ನು ಸಾಕಿ ಸಲಹಿದವಳು ಅವಳೇ.

ಪ್ರತಿ ಸೋಮವಾರ ಅವನು ಎಂಜಿನ್ ಶುರು ಮಾಡಿ ನೋಡುತ್ತಿದ್ದ. ಒಂದು ವಾರವೂ ತಪ್ಪಿಸಿದವನಲ್ಲ. ಅದರ ಬಗ್ಗೆ ಕೊಂಚ ಜಂಬವೂ ಇತ್ತು. ಆದರೆ ಅಕ್ಕನ ಮಂಚದ ಪಕ್ಕ ಕೂತಿದ್ದಾಗ ತಲೆಯೊಳಗೆ ಹುಳ ಹೊಕ್ಕಿತು. ಅವನು ಪರೀಕ್ಷೆ ಮಾಡಿದ್ದೆಲ್ಲ ಕರೆಂಟ್ ಇರುವಾಗ, ಎಂಜಿನ್ ತಿರುಗಿಸುವ ಬ್ಯಾಟರಿಗೆ ಚಾರ್ಜರ್ ಬಲ ಕೊಡುತ್ತಿರುವಾಗ. ಊರುಗೋಲು ಕೊಟ್ಟು ಮುದುಕನ ಕಾಲಿನ ಬಲ ನೋಡಿದ ಹಾಗೆ! ಆಸ್ಪತ್ರೆಯಲ್ಲಿ ಕೊನೆಯ ಸಲ ಕರೆಂಟ್ ಹೋಗಿ ಎರಡು ವರ್ಷವಾಗಿತ್ತು. ಈಗ ಹೋದರೆ ಚಾರ್ಜರೂ ನಿಲ್ಲುತ್ತದೆ.

"ಬ್ಯಾಟರಿ ಮೀಟರ್ ಸರಿಯಾಗೇ ತೋರಿಸ್ತಿದೆಯಲ್ಲಯ್ಯಾ. ಇಲ್ಲದ್ದೆಲ್ಲ ತಲೆಗೆ ಹಚ್ಕೋಬೇಡ, ಅಕ್ಕನ ಹತ್ರ ಹೋಗಿ ಕೂತ್ಕೊ" ಎಂದ, ಅವನ ಅನುಮಾನ ಕೇಳಿದ ಸೂಪರ್‌ವೈಸರ್.

ಅವನು ನೇರ ಜನರೇಟರ್ ಕೋಣೆಗೆ ಓಡಿದ. ಚಾರ್ಜರ್ ತೆಗೆದು ಕೀ ತಿರುಗಿಸಿದ. ಎಂಜಿನ್ ಒಮ್ಮೆ ನರಳಿತು, ಎಂಜಿನ್ನಿಗೆ ಅಪ್ಪಣೆ ಕೊಡುವ ಕಂಟ್ರೋಲ್ ಪೆಟ್ಟಿಗೆಯ ದೀಪಗಳು ಪಟ್ಟನೆ ಆರಿದವು. ಎಂಜಿನ್ ತಿರುಗಿಸುವುದೂ ಪೆಟ್ಟಿಗೆಯನ್ನು ನಡೆಸುವುದೂ ಅದೊಂದೇ ಬ್ಯಾಟರಿ. ಹಳೆಯದಾಗಿದ್ದ ಅದಕ್ಕೆ ಎರಡು ಹೊರೆ ಹೊರುವ ಶಕ್ತಿ ಉಳಿದಿರಲಿಲ್ಲ. ಹೇಳಿದರೆ ಕೆಲಸಕ್ಕೆ ಸಂಚಕಾರ, ಹೇಳದಿದ್ದರೆ ಅಕ್ಕನ ಜೀವಕ್ಕೆ. ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಡಾಕ್ಟರ ಮುಂದೆ ನಿಂತು ಕಂಡದ್ದನ್ನು ಹೇಳಿದ.

"ಪ್ರತಿ ವಾರ ನೋಡ್ತೀಯಂತಲ್ಲಪ್ಪ?"

"ನೋಡಿದೀನಿ ಸಾರ್. ತಪ್ಪಾಗಿ ನೋಡಿದೀನಿ."

ಆಪರೇಷನ್ ಮಧ್ಯಾಹ್ನ ಎರಡು ಗಂಟೆಗೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅವನು ಎಂಜಿನ್ನಿಗೆ ಹೊಸ ಬ್ಯಾಟರಿ ಹಾಕಿದ, ಪೆಟ್ಟಿಗೆಗೇ ಅಂತ ಇನ್ನೊಂದು ಚಿಕ್ಕ ಬ್ಯಾಟರಿ ಬೇರೆಯಾಗಿ ಕಟ್ಟಿದ. ಒಂದು ಎಷ್ಟೇ ದಣಿದರೂ ಇನ್ನೊಂದಕ್ಕೆ ಅದರ ಬಿಸಿ ತಟ್ಟಬಾರದು. ಚಾರ್ಜರ್ ತೆಗೆದು ಮೂರು ಸಲ ಶುರು ಮಾಡಿದ; ಮೂರು ಸಲವೂ ಎಂಜಿನ್ ಗುಡುಗಿತು, ದೀಪ ಆರಲಿಲ್ಲ. ಬೆವರು ಒರೆಸಿಕೊಂಡು ಅಕ್ಕನ ಬಳಿ ಬಂದ.

"ಹಸಿವಿಗೆ ಕರುಳು ಕಿತ್ತು ಬರ್ತಿದೆ. ಯಾವ ಪುಣ್ಯಾತ್ಮನೋ ತಡ ಮಾಡಿದ್ದು?"

"ನಾನೇ ಅಕ್ಕಾ" ಎಂದು ಎಲ್ಲವನ್ನೂ ಹೇಳಿದ. ಅವಳು ಬೈಯುತ್ತಾಳೆಂದುಕೊಂಡಿದ್ದ. ಅವಳು ಅವನ ಮಸಿ ಹತ್ತಿದ ಕೈ ಹಿಡಿದುಕೊಂಡಳು.

"ಎರಡು ವರ್ಷದಿಂದ ಎಷ್ಟು ಜನ ಆ ಆಪರೇಷನ್ ಮೇಜಿನ ಮೇಲೆ ಮಲಗಿರ್ಬಹುದೋ? ಅವರೂ ಯಾರಿಗೋ ಅಕ್ಕಂದಿರೇ ಅಲ್ವಾ?"

ನರ್ಸ್ ಬಂದು ಮಂಚ ತಳ್ಳಿದಳು. ಬಾಗಿಲವರೆಗೂ ಅಕ್ಕ ಅವನ ಕೈ ಬಿಡಲಿಲ್ಲ.